ನಿಲ್ಲುವ ಗೆರೆ

"ಇದಲ್ಲ."

ಪರದೆಯನ್ನು ಪೂರ್ತಿ ನೋಡುವ ಮೊದಲೇ ಮಗಳು ತೀರ್ಪು ಕೊಟ್ಟಳು. ಬೆಳಗಿನಿಂದ ಇದು ಹನ್ನೊಂದನೆಯ ಗೆರೆ.

"ಏನು ತಪ್ಪಿದೆ ಇದರಲ್ಲಿ?"

"ತುಂಬಾ ಹೊಸದು."

"ಹೊಸದಾದ್ರೆ ಒಳ್ಳೇದಲ್ವಾ?"

"ನಮ್ಮದು ಹಳೇದು."

ವಾದಕ್ಕೆ ಜಾಗವಿರಲಿಲ್ಲ. ಅವನು ಗೆರೆಯನ್ನು ಅಳಿಸಿ ಮತ್ತೆ ಹುಡುಕುವ ಪುಟಕ್ಕೆ ಹೋದ. ರೈಲು ಓಡಿಸುವ ಈ ಕಂಪ್ಯೂಟರ್ ಆಟಕ್ಕೆ ಯಾರು ಯಾರೋ, ಎಲ್ಲೆಲ್ಲೋ ಕೂತು, ಸಾಮಾನು ಮಾಡಿ ಇಟ್ಟಿರುತ್ತಾರೆ: ಮರ, ದೀಪದ ಕಂಬ, ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ಕೂತ ನಾಯಿ, ನಿಂತ ನಾಯಿ. ಬೇಕಾದ್ದನ್ನು ಇಳಿಸಿಕೊಂಡು ಹಳಿಯ ಪಕ್ಕ ನೆಡುತ್ತ ಹೋದರೆ ಒಂದು ಊರಾಗುತ್ತದೆ. ಎರಡು ತಿಂಗಳಿಂದ ರಜೆಯ ದಿನವೆಲ್ಲ ಅವನು ಹೀಗೆ ಊರು ಕಟ್ಟುತ್ತಿದ್ದ. ಹೆಂಡತಿ ನಾಲ್ಕು ವರ್ಷ ರೈಲು ಓಡಿಸಿದ ದಾರಿ, ಅದರ ಕೊನೆಯ ಒಂಬತ್ತು ಕಿಲೋಮೀಟರು. ಎಲ್ಲ ಮುಗಿದಿತ್ತು. ರಸ್ತೆ ಹಳಿಯನ್ನು ದಾಟುವ ಗೇಟಿನ ಬಳಿ, ಡಾಂಬರಿನ ಮೇಲೆ, ವಾಹನಗಳು ನಿಲ್ಲಬೇಕಾದ ಬಿಳಿ ಗೆರೆಯೊಂದು ಮಾತ್ರ ಬಾಕಿ.

ಸಂಜೆ ನಾಲ್ಕಕ್ಕೆ ಹೆಂಡತಿ ಬರುವವಳಿದ್ದಳು. ಐದು ವಾರದ ಮೇಲೆ. ಏಳಕ್ಕೆ ಮತ್ತೆ ಹೊರಡಬೇಕು.

ಅವಳಿಗೆ ದೂರದ ಡಿಪೋಗೆ ವರ್ಗವಾಗಿ ಎಂಟು ತಿಂಗಳಾಗಿತ್ತು. ಮೊದಮೊದಲು ಮಗಳು ಫೋನಿನಲ್ಲಿ ಅಳುತ್ತಿದ್ದಳು. ಆಮೇಲೆ "ಹೂಂ" ಅನ್ನುತ್ತಿದ್ದಳು. ಈಗ ಫೋನನ್ನು ಮುಟ್ಟುವುದೂ ಇಲ್ಲ. ಹೋದ ಸಲ ಅಮ್ಮ ಬಂದಾಗ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಅಮ್ಮ ಈಚೆ ನೆಲದ ಮೇಲೆ ಕೂತು, ಮುಕ್ಕಾಲು ಗಂಟೆ ಬಾಗಿಲಿನ ಜೊತೆ ಮಾತಾಡಿ, ಎದ್ದು ಹೋಗಿದ್ದಳು.

ಎದುರುಬದುರು ಕೂರಲಾರದವರು ಅಕ್ಕಪಕ್ಕ ಕೂತು ಒಂದೇ ಕಡೆ ನೋಡಬಹುದು. ಅವನ ಯೋಜನೆ ಇಷ್ಟೇ. ಅವನು ಓದಿದವನು, ಯೋಜನೆ ಇಲ್ಲದೆ ಅವನಿಗೆ ಹೆಂಡತಿಯನ್ನು ನೋಡಿ ನಗುವುದೂ ಕಷ್ಟವಾಗಿತ್ತು.

"ಅಮ್ಮನ ಜೊತೆ ಕೂತ್ಕೋತೀಯಾ?" ಎಂದು ಮಗಳನ್ನು ಕೇಳಿದ್ದ.

"ಗೆರೆ ಇದ್ರೆ ಮಾತ್ರ."

ಅದು ಅವರ ಗೆರೆ. ನಾಲ್ಕು ವರ್ಷ, ದಿನಾ ಸಂಜೆ ಐದೂ ನಲವತ್ತಕ್ಕೆ, ಅಪ್ಪ ಮಗಳು ಆ ಗೆರೆಯ ಹಿಂದೆ ಕಾಲು ಜೋಡಿಸಿ ನಿಲ್ಲುತ್ತಿದ್ದರು. ನಿಯಮ ಮಾಡಿದವಳು ಅಮ್ಮನೇ: ಗೆರೆ ದಾಟಬೇಡಿ, ಗೆರೆಯ ಹಿಂದೆ ನಿಂತರೆ ನಾನು ನೋಡುತ್ತೇನೆ. ಗೆರೆಯ ಎಡತುದಿಯಲ್ಲಿ ಹಾಲುಹಲ್ಲು ಬಿದ್ದ ಹಾಗೆ ಒಂದು ಚೂರು ಕಿತ್ತುಹೋಗಿತ್ತು. ಮಗಳ ಬಲಗಾಲು ಅದರೊಳಗೆ ಸರಿಯಾಗಿ ಕೂರುತ್ತಿತ್ತು. ರೈಲು ಹಾದುಹೋಗಲು ಹತ್ತು ಸೆಕೆಂಡು. ಆಮೇಲೆ ಮನೆಗೆ.

ಹೋಗಿ ಫೋಟೋ ತೆಗೆದು ತರೋಣವೆಂದರೆ ಆ ಗೆರೆ ಈಗ ಇರಲಿಲ್ಲ. ಗೇಟು ಮುಚ್ಚಿ, ಅಡ್ಡ ಗೋಡೆ ಕಟ್ಟಿ, ಮೇಲ್ಸೇತುವೆ ಮಾಡಿದ್ದರು. ಸೇತುವೆಯ ನಕ್ಷೆಯಲ್ಲಿ ರಸ್ತೆ ಗೆರೆಗಳನ್ನೆಲ್ಲ ಎಳೆದವನು ಅವನೇ. ರಸ್ತೆ ಇಲಾಖೆಯಲ್ಲಿ ಹದಿನಾಲ್ಕು ವರ್ಷದಿಂದ ಅವನ ಕೆಲಸ ಅದು. ಯಾವ ಗೆರೆ ಎಷ್ಟು ಅಗಲ, ಎಲ್ಲಿ ತುಂಡಾಗಬೇಕು, ಎಲ್ಲಿ ತುಂಡಾಗಬಾರದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಊರಿಗೆಲ್ಲ ಗೆರೆ ಎಳೆದವನಿಗೆ ಮನೆಗೊಂದು ಗೆರೆ ಸಿಗಲಿಲ್ಲ.

"ನಿಮ್ಮ ಆಫೀಸೇ ಅಲ್ವಾ ಅಳಿಸಿದ್ದು," ಎಂದಳು ಮಗಳು, ಅವನ ಮನಸ್ಸು ಓದಿದವಳಂತೆ.

"ಅಳಿಸಿಲ್ಲ. ಮುಚ್ಚಿದ್ದಾರೆ."

"ಎರಡೂ ಒಂದೇ."

ಹನ್ನೆರಡರ ಹೊತ್ತಿಗೆ ಅವನು ನಾಚಿಕೆ ಬಿಟ್ಟು, ಈ ಆಟದ ಹುಚ್ಚಿರುವವರೆಲ್ಲ ಸೇರುವ ಚರ್ಚೆಯ ಪುಟದಲ್ಲಿ ಬರೆದ: 'ಗೇಟಿನ ಮುಂದಿನ ನಿಲ್ಲುವ ಗೆರೆ ಬೇಕು. ಸವೆದಿರಬೇಕು. ತುರ್ತು.'

ಮೊದಲ ಉತ್ತರ ತಕ್ಷಣ ಬಂತು. 'ರೈಲು ಆಟದಲ್ಲಿ ರಸ್ತೆ ಯಾರು ನೋಡ್ತಾರೆ ಸ್ವಾಮಿ?'

ಎರಡನೆಯದು 'ಹಳೇ ಗಾರ್ಡ್' ಎಂದು ಕರೆದುಕೊಳ್ಳುವ ಯಾರೋ ಒಬ್ಬರದು. 'ಎಷ್ಟು ವಯಸ್ಸಿನ ಗೆರೆ?'

'ಏಳೆಂಟು ಮಳೆ ಕಂಡದ್ದು.'

'ನನ್ನ ಹತ್ರ ಇದೆ. ಆದ್ರೆ ಗೆರೆಯನ್ನ ರಸ್ತೆ ಮಟ್ಟಕ್ಕೇ ಇಡಬೇಡಿ, ಮಿನುಗುತ್ತೆ. ಎರಡು ಸೆಂಟಿಮೀಟರ್ ಮೇಲೆ ತೇಲಿಸಿ. ಬಾಳಿನಲ್ಲೂ ಹಾಗೇ ಮಾಡಿ, ಜಗಳ ಇರಲ್ಲ. ನಾನು ಮಾಡ್ಲಿಲ್ಲ, ಈಗ ಒಬ್ಬನೇ ಕೂತು ಗೆರೆ ಮಾಡ್ತಿದೀನಿ.'

ಅವನು 'ಧನ್ಯವಾದ' ಎಂದು ಬರೆದ.

ಗೆರೆ ಬಂತು, ಹಳೇ ಗಾರ್ಡ್ ಹೇಳಿದ ಹಾಗೇ ಆಯಿತು. ರಸ್ತೆಯ ಮಟ್ಟಕ್ಕೆ ಇಟ್ಟಾಗ ಗೆರೆ ಹುಚ್ಚು ಹಿಡಿದಂತೆ ಮಿನುಗಿತು: ಬಿಳಿ, ಕಪ್ಪು, ಬಿಳಿ. ಒಂದೇ ಎತ್ತರದಲ್ಲಿ ಎರಡು ವಸ್ತುಗಳಿದ್ದರೆ ಯಾವುದನ್ನು ತೋರಿಸಬೇಕೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಎರಡು ಸೆಂಟಿಮೀಟರ್ ಎತ್ತಿದ. ಗೆರೆ ನೆಲಕ್ಕೆ ತಾಗದೆ, ಶಾಂತವಾಗಿ ನಿಂತಿತು. ಎಡತುದಿಯಲ್ಲಿ ಹಲ್ಲಿನಷ್ಟು ಕೊರೆದ.

ಮಗಳು ಪರದೆಯ ಮೇಲೆ ಬೆರಳಿಟ್ಟಳು. "ತೂತು ದೊಡ್ಡದಾಯ್ತು. ಆಗ ನನ್ನ ಕಾಲು ಚಿಕ್ಕದಿತ್ತು."

ಚಿಕ್ಕದು ಮಾಡಿದ.

ಅವಳು ಬಹಳ ಹೊತ್ತು ನೋಡಿದಳು. "ಹೂಂ," ಎಂದಳು. ಅವಳು ಮನಸ್ಸು ಬದಲಿಸುವ ಮೊದಲೇ ಅವನು ಅದನ್ನು ಉಳಿಸಿಕೊಂಡ.

"ನಾವೆಲ್ಲಿ?"

ಮನುಷ್ಯರ ಗೊಂಬೆಗಳ ಪಟ್ಟಿಯಲ್ಲಿ ಅಪ್ಪ ಮಗಳು ಜೋಡಿಯಾಗಿ ಇರಲಿಲ್ಲ. ಛತ್ರಿ ಹಿಡಿದ ಒಬ್ಬ ಗಂಡಸು ಸಿಕ್ಕಿದ, ಚೀಲ ಹಾಕಿಕೊಂಡ ಒಬ್ಬಳು ಹುಡುಗಿ ಸಿಕ್ಕಿದಳು. ಇಬ್ಬರನ್ನೂ ತಂದು ಗೆರೆಯ ಹಿಂದೆ ನಿಲ್ಲಿಸಿದ.

"ನೀನು ಛತ್ರಿ ಹಿಡೀತಿರ್ಲಿಲ್ಲ."

"ಇರೋದ್ರಲ್ಲಿ ಇವನೇ ನನ್ನಷ್ಟು ಬೋಳು."

ಮಗಳು ನಕ್ಕಳು. ಬಹಳ ದಿನದ ಮೇಲೆ.

ಹೆಂಡತಿ ಬಂದಾಗ ನಾಲ್ಕೂ ಇಪ್ಪತ್ತು. ಬೂಟು ಬಿಚ್ಚುತ್ತಲೇ ಕೇಳಿದಳು, "ಎಲ್ಲಿ ನಮ್ಮ ಇನ್ಸ್‌ಪೆಕ್ಟ್ರಮ್ಮ?"

"ಒಳಗಿದಾಳೆ. ಚಿಲಕ ಹಾಕಿಲ್ಲ."

"ಪುಣ್ಯ."

"ವಾಪಸ್ ಬರೋಕೆ ಅರ್ಜಿ ಕೊಟ್ಯಾ?"

"ಮೊದಲು ನೀರು ಕೊಡು."

ಕೊಟ್ಟ. ಕುಡಿದಳು. ಅರ್ಜಿಯ ಮಾತು ಅಲ್ಲಿಗೆ ನಿಂತಿತು. ಅವಳ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅವಳ ಹೆಗಲು ಮುಟ್ಟಬೇಕೆಂದುಕೊಂಡ, ಲೋಟ ಇಸಿದುಕೊಂಡ.

ಕಂಪ್ಯೂಟರಿನ ಮುಂದೆ ಕೂರಿಸಿದಾಗ ಅವಳು ನಕ್ಕುಬಿಟ್ಟಳು. "ಡ್ಯೂಟಿ ಮುಗಿಸಿ ಬಂದ್ರೆ ಮನೇಲೂ ಡ್ಯೂಟಿ!"

ಮಗಳು ಬಾಗಿಲಲ್ಲಿ ನಿಂತಿದ್ದಳು.

ರೈಲು ಹೊರಟಿತು. ಐದು ನಿಮಿಷದಲ್ಲಿ ಹೆಂಡತಿಯ ಬೆನ್ನು ನೆಟ್ಟಗಾಗಿತ್ತು. "ಅಯ್ಯೋ, ಈ ಟ್ಯಾಂಕ್! ಈ ಬಟ್ಟೆನೂ ಒಣಹಾಕಿದೀಯಲ್ಲೋ! ಇವರ ಮನೇಲಿ ನಾಲ್ಕು ವರ್ಷ ಇದೇ ಬೆಡ್‌ಶೀಟು."

"ಅದು ನಾನು ಹೇಳಿದ್ದು," ಎಂದು ಬಾಗಿಲಿನಿಂದ ದನಿ ಬಂತು.

ಅಮ್ಮ ತಿರುಗಲಿಲ್ಲ. ಜಾಣೆ. "ಬಣ್ಣ ಸರಿಯಾಗಿದೆ," ಎಂದಳು, ಪರದೆಗೆ.

ಮಗಳು ಒಂದೊಂದೇ ಹೆಜ್ಜೆ ಹತ್ತಿರ ಬಂದು ಕುರ್ಚಿಯ ಪಕ್ಕ ನಿಂತಳು. ಅವಳ ಮೊಣಕೈ ಅಮ್ಮನ ತೋಳಿಗೆ ತಾಗಿತು. ಹಾಗೇ ಉಳಿಯಿತು.

"ಈಗ ಎಡಗಡೆ ನೋಡು," ಎಂದಳು ಮಗಳು.

ಗೇಟು ಬಂತು, ಹೋಯಿತು.

"ನೋಡಿದ್ಯಾ?"

"ಗೆರೆ ನೋಡಿದೆ. ಎಷ್ಟು ಚೆನ್ನಾಗಿದೆ! ಆ ತೂತು ಕೂಡ ಇದೆ."

"ನಮ್ಮನ್ನ?"

"ನೀವೂ ಇದ್ರಾ?"

ಮತ್ತೆ ಹಿಂದಿನಿಂದ ಓಡಿಸಿದರು. ಮತ್ತೆ ಗೆರೆ ಕಂಡಿತು. ಗೆರೆ ಮಾತ್ರ. ಮೂರನೆಯ ಸಲ ಅವನಿಗೆ ಹೊಳೆಯಿತು. ರಸ್ತೆ, ಗೆರೆ, ಕಂಬಗಳನ್ನು ಯಂತ್ರ ದೂರದಿಂದಲೇ ಪರದೆಯ ಮೇಲೆ ಬಿಡಿಸುತ್ತದೆ. ಮನುಷ್ಯರು ಚಿಕ್ಕವರು, ಅವರನ್ನು ತೀರ ಹತ್ತಿರ ಬಂದ ಮೇಲೆ ಬಿಡಿಸುತ್ತದೆ. ತೊಂಬತ್ತರ ವೇಗದಲ್ಲಿ, ಅವರು ಮೂಡುವ ಹೊತ್ತಿಗೆ ಎಂಜಿನ್ನಿನಲ್ಲಿ ಡ್ರೈವರ್ ಕೂರುವ ಕ್ಯಾಬು ಗೇಟು ದಾಟಿರುತ್ತದೆ. ಎರಡು ತಿಂಗಳು ಅವನು ಎಲ್ಲವನ್ನೂ ರಸ್ತೆಯಲ್ಲಿ ನಿಂತು ಪರೀಕ್ಷಿಸಿದ್ದ. ಒಂದು ಸಲವೂ ಡ್ರೈವರಿನ ಸೀಟಿನಿಂದ ನೋಡಿರಲಿಲ್ಲ.

"ನಿಜವಾದ ರೈಲಲ್ಲಿ," ಎಂದು ಮಗಳು ನಿಧಾನವಾಗಿ ಕೇಳಿದಳು, "ನಾವು ಕಾಣ್ತಿದ್ವಾ?"

ಹೆಂಡತಿ ಅವನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡಿದ.

"ಗೆರೆ ಕಾಣ್ತಿತ್ತು ಕಣೇ," ಎಂದಳು ಅವಳು. "ಅಷ್ಟು ಜೋರಲ್ಲಿ ಬರ್ತಾ ನಾನು ಹಳಿ ನೋಡ್ಬೇಕು, ಸಿಗ್ನಲ್ ನೋಡ್ಬೇಕು. ಕಣ್ಣಂಚಲ್ಲಿ ಬೆಳ್ಳಗೆ ಗೆರೆ ಹಾದುಹೋಗ್ತಿತ್ತು. ಗೆರೆ ಕಂಡ್ರೆ ಸಾಕು, ಅದರ ಹಿಂದೆ ನೀವಿದೀರಿ ಅಂತ."

"ನಂಗೆ ಜ್ವರ ಬಂದಾಗ ಒಂದು ವಾರ ನಾವು ಬಂದೇ ಇರ್ಲಿಲ್ಲ."

ಹೆಂಡತಿ ರೈಲನ್ನು ಮತ್ತೆ ಹಿಂದಿನ ಜಾಗಕ್ಕೆ ತಂದು ಹೊರಡಿಸಿದಳು.

"ಅವತ್ತೆಲ್ಲ?"

"ಅವತ್ತೂ ಇದ್ರಿ," ಎಂದಳು.

ಮಗಳು ಯೋಚಿಸಿದಳು. ಬಚ್ಚಲಿನ ಕಡೆ ಓಡುತ್ತಾಳೆ ಎಂದು ಅವನು ದಾರಿಗೆ ಅಡ್ಡ ನಿಲ್ಲಲು ಸಿದ್ಧನಾದ. ಅವಳು ಓಡಲಿಲ್ಲ. ಅಮ್ಮನ ತೊಡೆ ಹತ್ತಿ ಕೂತಳು. ಎಂಟು ವರ್ಷದ ಕಾಲುಗಳು ಕುರ್ಚಿಯ ಎರಡೂ ಕಡೆ ಇಳಿಬಿದ್ದವು.

"ಗೇಟಲ್ಲಿ ನಿಲ್ಸು," ಎಂದಳು.

"ಅಲ್ಲಿ ನಿಲ್ಸೋ ಹಾಗಿಲ್ಲ."

"ಇದು ಆಟ ತಾನೇ?"

"ಕೈ ಬರಲ್ಲ ಪುಟ್ಟಾ."

"ಹಂಗಾದ್ರೆ ಓಡಿಸ್ತಾ ಇರು. ನಾನು ಇಳೀತೀನಿ." ಮಗಳು ಕೀಬೋರ್ಡಿಗೆ ಕೈ ಚಾಚಿ ಒಂದು ಕೀ ಒತ್ತಿದಳು. ನೋಟ ಕ್ಯಾಬಿನಿಂದ ಹೊರಬಿದ್ದು ರಸ್ತೆಗೆ ಬಂತು. ಈಗ ಅವರೆಲ್ಲ ಗೆರೆಯ ಹಿಂದೆ ಇದ್ದರು: ಛತ್ರಿಯವನ ಬೆನ್ನು, ಹುಡುಗಿಯ ಚೀಲ, ಆಚೆ ಖಾಲಿ ಹಳಿ.

ಹೆಂಡತಿಯ ಬೆರಳುಗಳು ವೇಗದ ಕೀಲಿಯ ಮೇಲೆ ಹಾಗೇ ಇದ್ದವು. ದೂರದಲ್ಲಿ ಎಂಜಿನ್ ಕಾಣಿಸಿತು, ದೊಡ್ಡದಾಯಿತು. ಅದರ ಮುಂಗಾಜಿನ ಮೇಲೆ ಆಟ ಮಾಡಿದವರು ಆಕಾಶವನ್ನು ತೆಳುವಾಗಿ ಬಳಿದಿದ್ದರು. ಒಳಗಡೆ ಸೀಟಿತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ.

ಮಗಳು ಅಮ್ಮನ ತೊಡೆಯ ಮೇಲೆ ಕೂತೇ, ಹಾದುಹೋಗುತ್ತಿದ್ದ ಆ ಖಾಲಿ ಕ್ಯಾಬಿಗೆ ಎರಡೂ ಕೈ ಎತ್ತಿ ಜೋರಾಗಿ ಬೀಸಿದಳು.