ನಲವತ್ತೊಂದನೆಯ ಹಾಜರಿ

ನಿಜಗುಣಪ್ಪ ನಮ್ಮ ಕಡೆಯಿಂದ ಎರಡು ಸಲ ಶಾಸಕನಾದವನು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ನಮ್ಮ ಎಂ.ಎ. ತರಗತಿಯವರ ಸಂಘ ಕಟ್ಟಿ, ಅದರ ಅಧ್ಯಕ್ಷನೂ ಆದವನು. ನಾನು ಅವನ ಸಹಪಾಠಿ, ಸಿರಸಂಗಿಯ ರಾಮವ್ವ. ಮೊದಲ ವರ್ಷ ಮುಗಿಯುತ್ತಲೇ ಮದುವೆ ಮಾಡಿದರು, ಓದು ಅಲ್ಲಿಗೇ ನಿಂತಿತು.

ಆರು ವರ್ಷದ ಹಿಂದೆ ಈ ಮಹಾನುಭಾವ ಸಂಘದ ಸಭೆಯಲ್ಲಿ ನನಗೆ ಸನ್ಮಾನ ಇಟ್ಟುಕೊಂಡ. ಯರಗಟ್ಟಿ ಬಸ್ ನಿಲ್ದಾಣದಲ್ಲಿ ನನ್ನ ಫೋಟೋದ ಆಳೆತ್ತರದ ಫ್ಲೆಕ್ಸು, ಕೆಳಗೆ ‘ಶ್ರೀಮತಿ ರಾಮವ್ವ, ಎಂ.ಎ.’ ರಾಜಕಾರಣಿಗೆ ಹೆಸರಿನ ಪಕ್ಕ ಏನಾದರೂ ಅಂಟಿಸದಿದ್ದರೆ ಕೈ ಕಡಿಯುತ್ತದೆ. ಯಾವಾಗ ಪಾಸಾದಿರಿ ಎಂದು ಊರೆಲ್ಲ ಕೇಳಿತು. ನಾಚಿಕೆಯಿಂದ ಸತ್ತೆ. ಫ್ಲೆಕ್ಸು ಇಳಿಸಿದ ಮೇಲೂ ನಾನು ಸನ್ಮಾನಕ್ಕೆ ಹೋಗಲಿಲ್ಲ, ಅವನೊಂದಿಗೆ ಮಾತೂ ಬಿಟ್ಟೆ.

ಕಳೆದ ಚುನಾವಣೆಯಲ್ಲಿ ಅವನು ಸೋತ. ಅದಾದ ಮೇಲೆ ಒಂದು ದಿನ ಬಸ್ಸಿಳಿದು ಒಬ್ಬನೇ ಬಂದ. ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಚಹಾ ಕುಡಿದು, ತಪ್ಪಾಯಿತೆಂದು ಒಪ್ಪಿಕೊಂಡ.

“ರಾಮಕ್ಕಾ, ಈ ಸಲ ಸಂಘದ ಸಭಾದಾಗ ಬರೇ ಹೆಸರು ಕರೀತೇನಿ. ಬರ್ರಿ.”

ನನಗೆ ಹೋಗುವ ಆಸೆ ಇತ್ತು. ಮೂವತ್ತು ವರ್ಷ ವಿಶ್ವವಿದ್ಯಾಲಯದ ಗೇಟಿನ ಮುಂದೆ ಬಸ್ಸು ಹಾಯ್ದಾಗಲೆಲ್ಲ ಮುಖ ತಿರುಗಿಸಿದ್ದೆ. ನಾನೂ ಅಲ್ಲಿ ಕೂತು ಓದಿದವಳು ಎಂದು ಒಮ್ಮೆಯಾದರೂ ಯಾರಾದರೂ ಒಪ್ಪಬೇಕಿತ್ತು.

ಸಂಘದ ಸಭೆ ಶುರುವಾಗುವುದು ಹಳೆಯ ಹಾಜರಿಯಿಂದ. ಅಧ್ಯಕ್ಷ ನಂಬರು, ಹೆಸರು ಕೂಗುತ್ತಾನೆ. ಕೂದಲು ನೆರೆತವರು ಎದ್ದು ಹಾಜರ್ ಎನ್ನುತ್ತಾರೆ. ನಲವತ್ತೊಂದು ಎಂದು ನನ್ನ ಹೆಸರು ಕೂಗಿದಾಗ ಕಾರ್ಯದರ್ಶಿ ಬಾಳೇಶ ಎದ್ದು ನಿಂತ. ಪದವಿ ಪಡೆಯದವರಿಗೆ ಇಲ್ಲಿ ಹಾಜರಿ ಇಲ್ಲ, ಅದು ಸಂಘದ ನಿಯಮ ಎಂದ. ನಾನು ಕೈಚೀಲ ತೆಗೆದುಕೊಂಡೆ.

“ಆ ನಿಯಮಾ ಬರದಾವ ನಾನ. ತಪ್ಪು ಬರದೇನಿ,” ಎಂದ ನಿಜಗುಣಪ್ಪ. “ಆಕಿ ಹೊರಗ ಹೋದ್ರ ನಾನೂ ಹೋಗತೇನಿ.”

ಅವನಿಗೆ ಉಳಿದಿದ್ದು ಅದೊಂದೇ ಕುರ್ಚಿ. ಅದು ಎಲ್ಲರಿಗೂ ಗೊತ್ತಿತ್ತು. ಬಾಳೇಶ ಕೂತ. ನಿಜಗುಣಪ್ಪ ಇನ್ನೊಮ್ಮೆ ನಲವತ್ತೊಂದು ಎಂದ.

“ಒಂದ ವರ್ಷ ಓದೇನ್ರಿ. ಎಂ.ಎ. ಆಗಿಲ್ಲ,” ಎಂದೆ. “ಹಾಜರ್ ಅದೀನ್ರಿ.”

ನಲವತ್ತೆರಡು ಅವನದೇ ನಂಬರು. ಅವನು ಅದನ್ನು ಕೂಗದೆ ಹಾಜರಿ ಪಟ್ಟಿಯನ್ನು ನನ್ನ ಕಡೆ ಚಾಚಿದ. ನಾನೇ ಕೂಗಿದೆ.