ಗಂಗೂಬಾಯಿ ಕಳೆದ ಬಹುಮಾನ

ಗಂಗೂಬಾಯಿಗೆ ಪಿಸುಗುಡಲು ಬರುತ್ತಿರಲಿಲ್ಲ. ಸದಲಗಾದ ಸಮೀಪ, ದೂಧಗಂಗೆಯ ದಂಡೆಯ ಆ ಊರಿನಲ್ಲಿ ಹೆಂಗಸರು ಸೆರಗಿನ ಮರೆಯಲ್ಲಿ ಆಡುವ ಮಾತನ್ನು ಅವಳು ಪಂಚಾಯ್ತಿ ಸಭೆಯಲ್ಲಿ, ಎಲೆಯಡಿಕೆ ಮೆಲ್ಲುತ್ತ, ಆಚೆ ಹೊಲದವರನ್ನು ಕೂಗಿ ಕರೆಯುವ ದನಿಯಲ್ಲಿ ಆಡಿಬಿಡುತ್ತಿದ್ದಳು.

"ನಮ್ಮ ಸ್ನೇಹಲ ಮಧ್ಯಾಹ್ನ ಆತಂದ್ರ ನೀರ ಮುಟ್ಟಂಗಿಲ್ರಿ. ಕತ್ತಲಾಗೂತನಕ ಬಯಲಿಗೆ ಹೋಗಾಕ ಬರಂಗಿಲ್ಲಲ್ರಿ, ಅದಕ್ಕ!"

ಸೊಸೆ ಸ್ನೇಹಲ ಆಗ ಬಸುರಿ. ಸದಸ್ಯರು ತಲೆ ತಗ್ಗಿಸಿ ಚಹಾದ ಬಸಿ ನೋಡುತ್ತ ಕೂರುತ್ತಿದ್ದರು.

ಗಂಗೂಬಾಯಿ ಮಹಿಳಾ ಮೀಸಲಾತಿಯಿಂದ ಅಧ್ಯಕ್ಷೆಯಾದವಳು. ಸಹಿ ಅವಳದು, ಕಾರಭಾರ ಗಂಡ ಭಾವುಸಾಹೇಬನದು ಎಂದು ಊರು ನಿಶ್ಚಿಂತವಾಗಿತ್ತು. ಆ ನಿಶ್ಚಿಂತೆ ಕೆಡಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಎಡಗಾಲನ್ನು ತುಸು ಎಳೆಯುತ್ತ ಮನೆಮನೆ ಅಲೆದು, ಸರ್ಕಾರದ ಅನುದಾನದಲ್ಲಿ ಊರತುಂಬ ಶೌಚಾಲಯ ಕಟ್ಟಿಸಿದಳು. ಗಂಡಸರು ಸಂತೋಷದಿಂದ ಕಟ್ಟಿಸಿಕೊಂಡು ಒಳಗೆ ತಂಬಾಕಿನ ಮೂಟೆ ತುಂಬಿದರು. ಗಟ್ಟಿ ಗೋಡೆ, ತಗಡಿನ ಬಾಗಿಲು, ಮೇಲೊಂದು ಚಿಲಕ. ನಿಪ್ಪಾಣಿ ಪೇಟೆಯಲ್ಲಿ ದರ ಏರಲೆಂದು ಕಾಯುವ ಮಾಲಿಗೆ ಅಷ್ಟು ಒಳ್ಳೆಯ ಕೋಣೆ ಬೇರೆಲ್ಲಿತ್ತು? ಮೊದಲು ತುಂಬಿದವನು ಭಾವುಸಾಹೇಬನೇ.

೨೦೦೮ರಲ್ಲಿ ನಿರ್ಮಲ ಗ್ರಾಮ ಪ್ರಶಸ್ತಿಯ ತಪಾಸಣೆಗೆ ಅಧಿಕಾರಿ ಬರುವ ದಿನ ಮೂಟೆಗಳೆಲ್ಲ ಕಬ್ಬಿನ ಹೊಲ ಸೇರಿದವು. ತೊಳೆದಿಟ್ಟ ಶೌಚಾಲಯಗಳನ್ನು ಕಂಡು ಅಧಿಕಾರಿ, "ಎಲ್ಲಾರೂ ಬಳಸ್ತಾರಲ್ರೀ, ಬಾಯಾರ?" ಎಂದರು. ಹೌದು ಎಂದಿದ್ದರೆ ಸಾಕಿತ್ತು. ಹಾರ ತಯಾರಿತ್ತು, ಭಾವುಸಾಹೇಬ ಮಗನ ಮದುವೆಯ ಕೋಟು ತೊಟ್ಟು ನಿಂತಿದ್ದ.

"ಇವತ್ತೊಂದ ದಿನ ಖಾಲಿ ಅದಾವ್ರಿ, ಸಾಹೇಬ್ರ. ನಾಳೆ ಮತ್ತ ತಂಬಾಕ ತುಂಬತಾರ. ನಮ್ಮ ಮನ್ಯಾಗ ಮೊದಲ ತುಂಬತಾರ."

ಬಹುಮಾನ ಹೋಯಿತು. "ಊರ ಇಜ್ಜತ್ ಕಳದಿ" ಎಂದು ಗಂಡ ಹಾರಾಡಿದ.

"ಬಹುಮಾನ ಬಂದಿದ್ರ ಕೆಲಸ ಮುಗದೈತಿ ಅಂತಿದ್ರಿ. ಮುಗದಿಲ್ಲ ಅಂತ ಈಗ ಎಲ್ಲಾರಿಗೂ ಗೊತ್ತಾತು."

ಹೊಲದಿಂದ ಮರಳಿದ ತಮ್ಮ ಮನೆಯ ಮೂಟೆಗಳನ್ನು ಅವಳು, ಅವನು ನಾಲ್ಕು ಜನರೊಡನೆ ಕೂರುವ ಪಡಸಾಲೆಯ ಗಾದಿಯ ಮೇಲೇ ಒಟ್ಟಿಸಿದಳು. ಆ ಘಾಟಿಗೆ ಬಂದವರೆಲ್ಲ ಸೀನಿ ಸೀನಿ ಎದ್ದುಹೋದರು. ಭಾವುಸಾಹೇಬ ಮಾತು ಬಿಟ್ಟ. ಮೂಟೆ ಮಾತ್ರ ಕದಲಲಿಲ್ಲ. ಸ್ನೇಹಲ ಸುಡು ಮಧ್ಯಾಹ್ನ ತಂಬಿಗೆಯೆತ್ತಿ ಗಟಗಟ ನೀರು ಕುಡಿದದ್ದನ್ನು ನೋಡಿ ಗಂಗೂಬಾಯಿಗೆ ಕಣ್ಣು ತುಂಬಿ ಬಂತಂತೆ. ಕೆಲವು ಮನೆಗಳಲ್ಲಿ ಮೂಟೆ ಹೊರಬಿದ್ದವು, ಹಲವು ಮನೆಗಳಲ್ಲಿ ಇಲ್ಲ. ಮುಂದಿನ ಚುನಾವಣೆಯಲ್ಲಿ ಅವಳು ಸೋತಳು.

ಸುಧಾರಣೆಯ ಚರಿತ್ರೆಯಲ್ಲಿ ಯೋಜನೆಗಳ ಹೆಸರಿರುತ್ತದೆ, ಉದ್ಘಾಟಿಸಿದವರ ಹೆಸರಿರುತ್ತದೆ. ಸುಧಾರಣೆ ಇನ್ನೂ ಆಗಿಲ್ಲವೆಂದು ತಮ್ಮ ಮನೆಯ ಬಾಗಿಲನ್ನೇ ಮೊದಲು ತೆರೆದು ತೋರಿಸುವ ಇಂಥವರು ಸೋತು ಮನೆಗೆ ಹೋಗುತ್ತಾರೆ. ಆದರೆ ಅಂಥ ಮನೆಗೆ ಮಗಳನ್ನು ಕೊಡಲು ಸುತ್ತಲಿನ ಊರುಗಳ ತಾಯಂದಿರು ತುದಿಗಾಲಲ್ಲಿ ನಿಂತಿರುತ್ತಾರೆ.