ಸ್ಟೆಪ್ನಿ ಬುಟ್ಟಿ

ಆ ಖಾಸಗಿ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಯಲ್ಲಿ ಎರಡು ಬುಟ್ಟಿಗಳಿದ್ದವು. ಹಸಿರು ಬುಟ್ಟಿಗೆ ಬಿದ್ದ ಅರ್ಜಿಗೆ ಸೀಟು, ಕೆಂಪಿಗೆ ಬಿದ್ದದ್ದಕ್ಕೆ 'ವಿಷಾದಿಸುತ್ತೇವೆ' ಎಂಬ ಕಾಗದ. ಕೆಂಪಿನಲ್ಲಿ ದಡ್ಡರಿದ್ದರು ಅಂದುಕೊಂಡರೆ ನಿಮ್ಮಂಥ ಮುಗ್ಧರು ಇನ್ನೊಬ್ಬರಿಲ್ಲ. ದಡ್ಡರನ್ನು ಮೊದಲ ವಾರವೇ ಗುಡಿಸಿ ಹಾಕಿ ಆಗಿರುತ್ತಿತ್ತು. ಕೆಂಪು ಬುಟ್ಟಿ ಅತಿ ಬುದ್ಧಿವಂತರದ್ದು. ಇವರಿಗೆ ಇನ್ನೂ ದೊಡ್ಡ ಕಡೆ ಸೀಟು ಸಿಗುತ್ತದೆ, ಅಲ್ಲಿಗೇ ಹೋಗುತ್ತಾರೆ, ನಮ್ಮನ್ನು ಸುಮ್ಮನೆ ಕೈಯಲ್ಲಿರಲಿ ಅಂತ ಇಟ್ಟುಕೊಂಡಿದ್ದಾರೆ ಎಂಬ ಅನುಮಾನಕ್ಕೆ ಸಿಕ್ಕವರದ್ದು. ಕರೆದವರು ಬರದೇ ಹೋದರೆ ಸಂಸ್ಥೆಯ ಮರ್ಯಾದೆ ಹೋಗುತ್ತದಂತೆ. ಅದಕ್ಕೇ ಅವರು ಬೇಡ ಅನ್ನುವ ಮೊದಲೇ ಇವರು ಬೇಡ ಅನ್ನುವುದು. "ನಾವೇನು ಯಾರದೋ ಗಾಡಿ ಹಿಂದೆ ನೇತಾಡೋ ಸ್ಟೆಪ್ನಿ ಚಕ್ರನಾ?" ಎಂದು ನಿರ್ದೇಶಕರು ವರ್ಷಕ್ಕೊಮ್ಮೆ ಮೇಜು ಗುದ್ದುತ್ತಿದ್ದರು. ಅಲ್ಲಿಂದ ಕೆಂಪು ಬುಟ್ಟಿ ಸ್ಟೆಪ್ನಿ ಬುಟ್ಟಿಯಾಯಿತು.

ಯಾರಿಗೆ ಇದು ಮೊದಲ ಆಯ್ಕೆ, ಯಾರಿಗೆ ಸ್ಟೆಪ್ನಿ ಎಂದು ಪತ್ತೆ ಮಾಡುವ ಉಪಾಯ ಕೊಟ್ಟವಳು ಅಲ್ಲಿಯ ಹಿರಿಯ ಗುಮಾಸ್ತೆ. ಮಕ್ಕಳನ್ನು ಕೇಳಿದರೆ ಗಿಳಿಪಾಠ ಒಪ್ಪಿಸುತ್ತಾರೆ, ಅವರು ಶಾಲೆಗೆ ಹೋದ ಹೊತ್ತಿಗೆ ಮನೆಗೆ ಫೋನ್ ಮಾಡಿ ಎಂದಿದ್ದಳು. ಅಜ್ಜಿಯೋ ತಾತನೋ ಎತ್ತುತ್ತಾರೆ, ಸ್ವಲ್ಪ ಬೆಣ್ಣೆ ಹಚ್ಚಿದರೆ ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದಾರೆ ಅಂತ ತಾವಾಗಿಯೇ ಹೇಳುತ್ತಾರೆ. ಇದು ಆರು ವರ್ಷದ ಹಿಂದಿನ ಮಾತು. ಆ ವರ್ಷವೇ ಅವಳಿಗೆ ಬಡ್ತಿ ಸಿಕ್ಕಿತು, ಕಿಟಕಿ ಪಕ್ಕದ ಕುರ್ಚಿಯೂ ಸಿಕ್ಕಿತು. ಫೋನಿಗೆಂದೇ ಅವಳೊಂದು ದನಿ ಮಾಡಿಕೊಂಡಿದ್ದಳು, ಪಾಕ ಹಿಡಿದ ಹಾಗೆ ಎಳೆ ಎಳೆಯಾಗಿ ಬರುವ ದನಿ. ಮನೆಯಲ್ಲಿ ಮಾತ್ರ ಅವಳು ಸಿಡುಕಿಯೇ.

ಈ ವರ್ಷ ಅರ್ಜಿ ಹಾಕಿದವರಲ್ಲಿ ಅವಳ ಅಕ್ಕನ ಮಗಳೂ ಇದ್ದಳು, ಪುಟ್ಟಿ. ಅಕ್ಕ, ಭಾವ, ಪುಟ್ಟಿ ಮೂವರೂ ಅಮ್ಮನ ಮನೆಯಲ್ಲೇ ಇದ್ದರು. ಭಾವನ ಬಲಗಾಲು ಗಿರಣಿಯ ಯಂತ್ರಕ್ಕೆ ಸಿಕ್ಕಿ ಹೋಗಿ ಹನ್ನೆರಡು ವರ್ಷವಾಗಿತ್ತು. ಹಾಕಿಸಿಕೊಂಡ ಕೃತಕ ಕಾಲು ಮೊಣಕಾಲಿನ ಕೆಳಗೆ ಉಜ್ಜಿ ಉಜ್ಜಿ ಹುಣ್ಣು ಮಾಡುತ್ತಿತ್ತು. ಪುಟ್ಟಿ ಹಳೇ ಚಪ್ಪಲಿಯ ಸ್ಪಂಜು ಕತ್ತರಿಸಿ, ಒಳಗೆ ಅಂಟಿಸಿ, ಅಪ್ಪನನ್ನು ನಡೆಸಿ ನೋಡಿ ಮತ್ತೆ ಕೀಳುತ್ತಿದ್ದಳು. ಆ ಸೀಮೆಯಲ್ಲಿ ಕೃತಕ ಕಾಲು ಮಾಡುವ ವಿದ್ಯೆ ಕಲಿಸುತ್ತಿದ್ದುದು ಈ ವಿಶ್ವವಿದ್ಯಾಲಯ ಒಂದೇ. ಬೇರೆ ಎರಡು ಕಡೆ ಅವಳು ಅರ್ಜಿ ಹಾಕಿದ್ದು ಮೇಷ್ಟರು ಗದರಿದ್ದಕ್ಕೆ ಮಾತ್ರ.

ಫೋನ್ ಬಂದರೆ ಹೀಗೆ ಹೇಳಿ ಎಂದು ಅಮ್ಮನ ಮನೆಯಲ್ಲಿ ಒಂದು ಮಾತು ಆಡಿದ್ದರೆ ಆಗಿತ್ತು. ಗುಮಾಸ್ತೆ ಆಡಲಿಲ್ಲ. ಕಚೇರಿಯ ಗುಟ್ಟು ಬಿಡುವುದು ಮೋಸ ಅಲ್ಲವೇ! ಅಂಥ ಗುಟ್ಟು ಮಾಡಿದ್ದೇ ಮೋಸ ಎಂದು ಆ ಮಹಾರಾಯಿತಿಗೆ ಆರು ವರ್ಷದಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ.

ಮಂಗಳವಾರ ಹನ್ನೊಂದು ಗಂಟೆ. ಅಲ್ಲಿ ನಂಬರನ್ನು ಯಂತ್ರವೇ ಒತ್ತುತ್ತದೆ, ಪರದೆಯ ಮೇಲೆ ಅರ್ಜಿ ಸಂಖ್ಯೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಮಾತೆಲ್ಲ ರೆಕಾರ್ಡ್ ಆಗುತ್ತದೆ.

"ನಮಸ್ಕಾರ! ನಿಮ್ಮನೆ ಮಗು ನಮ್ಮಲ್ಲಿ ಅರ್ಜಿ ಹಾಕಿದಾರಲ್ಲ, ಎಷ್ಟು ಚೆನ್ನಾಗಿ ಬರೆದಿದಾರೆ ಗೊತ್ತಾ! ಅದಕ್ಕೇ ಒಂದು ಮಾತು ಹೇಳೋಣ ಅಂತ ಫೋನ್ ಮಾಡ್ದೆ..."

"ಯಾರದು?"

ಹುಟ್ಟಿದಾಗಿನಿಂದ ಕೇಳಿದ 'ಯಾರದು' ಅದು. ಅಮ್ಮನದೇ ದನಿ. ಅಮ್ಮಾ, ನಾನು ಅನ್ನೋಣವೆಂದರೆ ಪರದೆಯ ಮೂಲೆಯಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಮಿಣುಕುತ್ತಿತ್ತು. ಅದೇ ಪಾಕದ ದನಿಯಲ್ಲಿ ಅಂದಳು: "ವಿಶ್ವವಿದ್ಯಾಲಯದಿಂದ, ಅಮ್ಮಾ. ಮಗೂಗೆ ನಮ್ಮಲ್ಲೇ ಓದ್ಬೇಕು ಅಂತ ತುಂಬಾ ಆಸೆ ಇರ್ಬೇಕು, ಅಲ್ವಾ?"

ಅಮ್ಮನಿಗೆ ಒಂದು ಛಲ. ಬೇಕು ಅಂತ ಯಾರೆದುರೂ ತೋರಿಸಿಕೊಳ್ಳಬಾರದು, ತೋರಿಸಿಕೊಂಡರೆ ತಲೆ ಮೇಲೆ ಕೂರುತ್ತಾರೆ. ಇಬ್ಬರು ಹೆಣ್ಣುಮಕ್ಕಳ ಸಂಬಂಧ ಕುದುರಿಸಿದ್ದೂ ಹೀಗೆ ಮೂಗು ಮೇಲೆತ್ತಿಯೇ.

"ಆಸೆನಾ? ಏನಮ್ಮಾ, ನಮ್ಮ ಹುಡುಗಿ ಏನು ಬೀದೀಲಿ ಬಿದ್ದಿದಾಳಾ? ಇನ್ನೂ ಎರಡು ಕಡೆ ಹಾಕಿದಾಳೆ, ನಿಮಗಿಂತ ದೊಡ್ಡವು. ಅಲ್ಲೆಲ್ಲ ಕಣ್ಣುಮುಚ್ಚಿ ಸೀಟು ಕೊಡ್ತಾರೆ. ನಿಮ್ದೂ ಒಂದು ಇರ್ಲಿ ಅಂತ ಹಾಕಿದಾಳೆ ಅಷ್ಟೆ."

"ಆದ್ರೂ ಮೊದಲು ನಮ್ಮದೇ ಅಲ್ವಾ? ಹೌದು ಅನ್ನಿ, ಅಮ್ಮಾ."

"ನೀವು ಹೇಳಿದ ಹಾಗೆ ಅನ್ನೋಕೆ ನಾನೇನು ನಿಮ್ಮ ಮನೆ ಆಳಾ?" ಫೋನ್ ಕುಕ್ಕಿದ ಸದ್ದು ಬಂತು.

ಗುಮಾಸ್ತೆ 'ಮೊದಲ ಆಯ್ಕೆ' ಎಂದು ಗುರುತು ಹಾಕಿದಳು. ಸಂಜೆಯ ತಪಾಸಣೆಯಲ್ಲಿ ರೆಕಾರ್ಡ್ ಕೇಳಿದ ನಿರ್ದೇಶಕರು ಅದನ್ನು ಹೊಡೆದುಹಾಕಿ ಅರ್ಜಿಯನ್ನು ಕೆಂಪು ಬುಟ್ಟಿಗೆ ಹಾಕಿದರು. ಅವಳು ಅವರ ಕೋಣೆಗೆ ಓಡಿದಳು.

"ಸರ್, ಅದು ನನ್ನ ಅಕ್ಕನ ಮಗಳು. ಅವಳಿಗೆ ಬೇರೆ ಎಲ್ಲೂ ಬೇಡ, ದೇವರಾಣೆ. ನಮ್ಮಮ್ಮ ಸುಮ್ನೆ ಜಂಬಕ್ಕೆ ಅಂದಿದ್ದು. ಅರ್ಜಿ ಜೊತೆ ಅವಳು ಬರೆದ ಪ್ರಬಂಧ ಒಂದ್ಸಲ ಓದಿ, ಸರ್."

ನಿರ್ದೇಶಕರು ಬಿಸ್ಕತ್ತು ಚಹಾಕ್ಕೆ ಅದ್ದಿದರು. "ಪ್ರಬಂಧ ಓದೋಕೆ ಯಾರಿಗಿದೆ ಪುರುಸೊತ್ತು? ಈ ಉಪಾಯ ಕೊಟ್ಟಿದ್ದು ಯಾರು? ನೀವೇ. ಆರು ವರ್ಷದಿಂದ ಜಂಬಕ್ಕೆ ಅಂದವರೆಷ್ಟೋ, ನಿಜ ಅಂದವರೆಷ್ಟೋ, ಒಬ್ಬರ ಪರವಾಗಿಯಾದ್ರೂ ಬಂದಿದ್ರಾ ನನ್ನ ಹತ್ರ? ನಿಮ್ಮನೆ ಹುಡುಗಿ ಅಂದ ತಕ್ಷಣ ಕಣ್ಣಲ್ಲಿ ನೀರು!" ನೆನೆದ ಬಿಸ್ಕತ್ತಿನ ತುಂಡು ಮುರಿದು ಚಹಾದೊಳಗೆ ಬಿತ್ತು. ಅವರು ಬೆರಳು ಹಾಕಿ ಎತ್ತಿ ಬಾಯಿಗೆ ಹಾಕಿಕೊಂಡು, ಬೆರಳನ್ನೂ ಚೀಪಿದರು. "ಕೆಲಸ ನೋಡಿ, ಹೋಗಿ."

ಥೂ! ಬೈಯೋಣವೆಂದರೆ ಆ ಮನುಷ್ಯ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲವಲ್ಲ, ಅದೇ ಅಸಹ್ಯ. ಹೊರಗೆ ಬಂದು ನಲ್ಲಿಯ ಕೆಳಗೆ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು.

ಹತ್ತು ದಿನಕ್ಕೆ ವಿಷಾದದ ಕಾಗದ ಅಮ್ಮನ ಮನೆ ಸೇರಿತು. ಗುಮಾಸ್ತೆ ಹೋದಾಗ ಪುಟ್ಟಿ ಅಪ್ಪನ ಕೃತಕ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬಿಗಿಯುತ್ತಿದ್ದಳು. ಕಣ್ಣು ಊದಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಚಿಕ್ಕಮ್ಮಾ, ನೀವು ಅಲ್ಲೇ ಇರೋರು, ನಿಜ ಹೇಳಿ. ನನ್ನಲ್ಲಿ ಏನು ಕಮ್ಮಿ ಇತ್ತು?"

"ಏನೂ ಕಮ್ಮಿ ಇರ್ಲಿಲ್ಲ ಕಣೇ."

"ಇವಳಲ್ಲಿ ಯಾಕೆ ಕಮ್ಮಿ ಇರುತ್ತೆ?" ಎಂದರು ಅಮ್ಮ. "ಆ ಜಾಗವೇ ಸರಿ ಇಲ್ಲ. ನಿನಗೆ ಹೇಳ್ಲೇ ಇಲ್ಲ ನೋಡು, ಅವತ್ತು ಅಲ್ಲಿಂದ ಒಬ್ಬಳು ಫೋನ್ ಮಾಡಿದ್ಲು. ಏನು ನಯ, ಏನು ನಾಜೂಕು! ಕೇಳ್ತಿದ್ರೆ ಕಿವಿಗೆ ಜಿಡ್ಡು ಮೆತ್ತಿದ ಹಾಗೆ. ಮನೆಯವರ ಹೊಟ್ಟೆ ಕೆದಕೋಕೇ ಸಂಬಳ ತಗೊಳ್ಳೋ ಜಾತಿ. ಎಂಥ ತಾಯಿ ಹೆತ್ತಳೋ ಅಂಥವಳನ್ನ! ಸರಿಯಾಗಿ ಉಗಿದೆ."

ಗುಮಾಸ್ತೆ ಹೇಳದೇ ಇದ್ದರೂ ನಡೆಯುತ್ತಿತ್ತು. ಪುಟ್ಟಿ ಮಾತ್ರ ತನ್ನಲ್ಲೇ ಏನೋ ಕಮ್ಮಿ ಎಂದು ಜೀವಮಾನವಿಡೀ ಹುಡುಕುತ್ತಲೇ ಇರುತ್ತಿದ್ದಳು.

"ಅಮ್ಮಾ, ಅವಳು ನಾನೇ. ಎರಡು ಕಡೆ ಹಾಕಿದಾಳೆ ಅಂದ್ರಲ್ಲ, ಅದಕ್ಕೇ ಸೀಟು ಕೊಡ್ಲಿಲ್ಲ. ಹಾಗೆ ಕೇಳಿ ಬಾಯಿ ಬಿಡಿಸೋ ದಾರಿ ಮಾಡಿಕೊಟ್ಟೋಳೂ ನಾನೇ."

"ಹುಚ್ಚಾ ನಿಂಗೆ? ನಿನ್ನ ದನಿ ನನಗೆ ಗೊತ್ತಾಗಲ್ವಾ?"

ಗುಮಾಸ್ತೆ ಕಣ್ಣು ಮುಚ್ಚಿಕೊಂಡಳು. "ನಮಸ್ಕಾರ! ನಿಮ್ಮನೆ ಮಗು ನಮ್ಮಲ್ಲಿ ಅರ್ಜಿ ಹಾಕಿದಾರಲ್ಲ, ಎಷ್ಟು ಚೆನ್ನಾಗಿ ಬರೆದಿದಾರೆ ಗೊತ್ತಾ!"

ಪುಟ್ಟಿಯ ಕೈಯಲ್ಲಿದ್ದ ಪಟ್ಟಿ ಸಡಿಲಾಯಿತು. ಅಮ್ಮ ಬೆಳ್ಳುಳ್ಳಿಯ ತಟ್ಟೆ ಪಕ್ಕಕ್ಕಿಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮಗಳ ಎದುರೇ ಎರಡೂ ಕಿವಿಗಳನ್ನು ನಿಧಾನವಾಗಿ ಒರೆಸಿಕೊಂಡರು.